ಸದ್ದಿಲ್ಲದೆ ಬಂದ 349 ಸೈಲೆನ್ಸರ್

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಒಂದು ರೈಫಲ್ ಕೊಳ್ಳಲು ಒಂದು ಮಧ್ಯಾಹ್ನ ಸಾಕು. ಆದರೆ ಆ ರೈಫಲ್ಲಿನ ತುದಿಗೆ ಸೈಲೆನ್ಸರ್ ಅನ್ನೋ ಕೊಳವೆ ಸಿಕ್ಕಿಸಿ ಸದ್ದು ಸ್ವಲ್ಪ ತಗ್ಗಿಸುತ್ತೇನೆ ಅಂತ ಹೊರಟರೆ ಸರ್ಕಾರ ಎಚ್ಚರವಾಗುತ್ತದೆ. ಅರ್ಜಿ ತುಂಬಬೇಕು. ಫೋಟೊ ಕೊಡಬೇಕು. ಬೆರಳಚ್ಚು ಒತ್ತಬೇಕು. ಪ್ರತಿ ಸೈಲೆನ್ಸರಿಗೂ ಸೀರಿಯಲ್ ನಂಬರ್ ಇರಬೇಕು, ಅದು ಕೇಂದ್ರದ ದಾಖಲೆಯಲ್ಲಿ ಬರೆದಿರಬೇಕು. ಇದೆಲ್ಲ 1934ರ ಕಾನೂನು. ತಪ್ಪಿದರೆ 10 ವರ್ಷದವರೆಗೆ ಜೈಲು. ಕೊಲ್ಲುವುದಕ್ಕಿಂತ ಮೆಲ್ಲಗೆ ಕೊಲ್ಲುವುದರ ಬಗ್ಗೆಯೇ ಭಯ ಜಾಸ್ತಿ ಇದ್ದ ಹಾಗಿದೆ.

ಮೆಲ್ಲಗೆ ಅಂದರೂ ಸಿನಿಮಾದಲ್ಲಿ ಕೇಳುವ ‘ಪುಸ್’ ಅಲ್ಲ ಬಿಡಿ. ಸುಮಾರು 160 ಡೆಸಿಬಲ್ ಸದ್ದು 130ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ಪಕ್ಕದ ಬೀದಿಯವರೂ ಬೆಚ್ಚಿಬೀಳುತ್ತಾರೆ. ಇದನ್ನು 1909ರಲ್ಲಿ ಪೇಟೆಂಟ್ ಮಾಡಿಸಿಕೊಂಡವರು ಹಿರಾಮ್ ಪರ್ಸಿ ಮ್ಯಾಕ್ಸಿಮ್. ಅವರಪ್ಪ ಮ್ಯಾಕ್ಸಿಮ್ ಮೆಷಿನ್ ಗನ್ ಕಂಡುಹಿಡಿದು, ಕೊನೆಗೆ ಕಿವಿಯನ್ನೇ ಕಳೆದುಕೊಂಡವರು. ಮಗ ಸದ್ದು ತಗ್ಗಿಸಲು ಹೊರಟಿದ್ದರಲ್ಲಿ ನ್ಯಾಯವಿದೆ.

ಈಗ ನೌಕಾಪಡೆಯ ಕಥೆಗೆ ಬರೋಣ. ವರ್ಷಗಳ ಹಿಂದೆ ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರವಾದ ಪೆಂಟಗನ್ನಿನಲ್ಲಿ ನೌಕಾಪಡೆಗಿದ್ದ ಒಂದು ಸಣ್ಣ ಗುಪ್ತಚರ ಕಚೇರಿಗೆ ದಿಢೀರನೆ 349 ಸೈಲೆನ್ಸರ್ ಬೇಕಾದವು. ದೇಶದಲ್ಲಿ ಇವುಗಳನ್ನು ತಯಾರಿಸುವ ಕಂಪನಿಗಳಿಗೇನೂ ಬರವಿಲ್ಲ. ಆದರೆ ಆರ್ಡರ್ ಹೋಗಿದ್ದು ಕ್ಯಾಲಿಫೋರ್ನಿಯಾದ ಒಬ್ಬ ಮೆಕ್ಯಾನಿಕ್‌ಗೆ. ಆತನ ಬಳಿ ಸೈಲೆನ್ಸರ್ ಮಾಡುವ ಲೈಸೆನ್ಸ್ ಇರಲಿಲ್ಲ. ಅದಕ್ಕಿಂತ ದೊಡ್ಡದೊಂದು ಇತ್ತು: ಒಡಹುಟ್ಟಿದವರೊಬ್ಬರು ನೌಕಾಪಡೆಯ ಗುಪ್ತಚರ ವಿಭಾಗದಲ್ಲಿ ಅಧಿಕಾರಿ.

ಬಿಲ್ಲು 16 ಲಕ್ಷ ಡಾಲರ್. ಸರ್ಕಾರಿ ವಕೀಲರ ಪ್ರಕಾರ ಅಷ್ಟನ್ನೂ ಮಾಡಲು ತಗುಲಿದ್ದು ಸುಮಾರು 10 ಸಾವಿರ ಡಾಲರ್. ಅಂದರೆ 30 ಡಾಲರೂ ಬೀಳದ ಒಂದು ಕೊಳವೆಗೆ 4,500 ಡಾಲರ್. ಅಂಗಡಿಯಲ್ಲಿ ಒಳ್ಳೆಯದೇ ಒಂದು ಸಾವಿರ ಡಾಲರಿನ ಆಸುಪಾಸು ಸಿಗುತ್ತದಲ್ಲ, ಅದಕ್ಕಿಲ್ಲದ್ದು ಇದಕ್ಕೇನಿದೆ? ನೋಡಿದರೆ ಇದಕ್ಕೇ ಒಂದು ಕಡಿಮೆ: ಸೀರಿಯಲ್ ನಂಬರ್ ಇಲ್ಲ. ನಂಬರ್ ಕೆತ್ತದೆ ಬಿಡುವ ಕೂಲಿ ಇಷ್ಟು ದುಬಾರಿ ಅಂತ ಸಾಮಾನ್ಯ ಜನಕ್ಕೆ ಹೇಗೆ ಗೊತ್ತಾಗಬೇಕು?

ಯಾರಿಗಾಗಿ ಕೊಂಡಿರಿ ಅಂದರೆ ಉತ್ತರ ರೆಡಿ ಇತ್ತು. ಗುಪ್ತ ಕಾರ್ಯಕ್ರಮ! ಈ ಎರಡು ಪದ ಬಿದ್ದರೆ ಎಂಥ ಲೆಕ್ಕಪರಿಶೋಧಕನೂ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ನೌಕಾಪಡೆಯ ಕಮಾಂಡೊ ಪಡೆ ಸೀಲ್ ಟೀಮ್ 6ರ ಹೆಸರೂ ಬಂತು. ಬಿನ್ ಲಾಡೆನ್‌ನನ್ನು ಮುಗಿಸಿದವರ ಹೆಸರು ಹೇಳಿದ ಮೇಲೆ ಯಾರು ತಾನೇ ರಸೀದಿ ಕೇಳುತ್ತಾರೆ? ತನಿಖೆಯವರು ಕೇಳಿಬಿಟ್ಟರು. ನಾವು ಇದನ್ನು ಆರ್ಡರ್ ಮಾಡಿಯೇ ಇಲ್ಲ, ನಮಗೆ ಇದರ ಬಗ್ಗೆ ಏನೂ ಗೊತ್ತಿಲ್ಲ ಅಂದರು ಆ ಪಡೆಯವರು. ಬೇಕು ಅಂದವರು ಯಾರೂ ಇಲ್ಲ, ಸಾಮಾನು ಮಾತ್ರ ಬಂದಿದೆ. 2014ರಲ್ಲಿ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ಆ ಗುಪ್ತಚರ ಕಚೇರಿಯ ಇನ್ನೊಬ್ಬ ಅಧಿಕಾರಿಯನ್ನು ತಪ್ಪಿತಸ್ಥ ಎಂದಿತು. ನೋಂದಣಿಯಾಗದ ಸೈಲೆನ್ಸರ್ ಸಾಗಿಸುವ ಸಂಚು ಎಂಬ ಆರೋಪ, ಅದೂ ಇದೇ 1934ರ ಕಾನೂನಿನ ಅಡಿಯಲ್ಲಿ. ಜಿಂಕೆ ಬೇಟೆಗೆ ಹೋಗುವವನ ಬೆರಳಚ್ಚನ್ನು ಜೋಪಾನವಾಗಿಟ್ಟ ಸರ್ಕಾರದ ಒಳಗೇ ನಂಬರಿಲ್ಲದ ಮುನ್ನೂರು ಚಿಲ್ಲರೆ ಕೊಳವೆಗಳು ಓಡಾಡಿಕೊಂಡಿದ್ದವು.

ಕಾನೂನಿನ ಕಥೆ ಇನ್ನೂ ಮುಗಿದಿಲ್ಲ. 1934ರಲ್ಲಿ ಪ್ರತಿ ಸೈಲೆನ್ಸರಿಗೆ 200 ಡಾಲರ್ ತೆರಿಗೆ ಹಾಕಿದರು. ಆಗ ಅದು ಜನರನ್ನು ಓಡಿಸುವಷ್ಟು ದೊಡ್ಡ ಮೊತ್ತ. ಆಮೇಲೆ 90 ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. 2025ರ ಜುಲೈನಲ್ಲಿ ಸಂಸತ್ತು ಮುಟ್ಟಿತು, ನೇರವಾಗಿ ಸೊನ್ನೆಗೆ ಇಳಿಸಿತು. 2026ರ ಜನವರಿ 1ರಿಂದ ತೆರಿಗೆ ಇಲ್ಲ. ಅರ್ಜಿ, ಫೋಟೊ, ಬೆರಳಚ್ಚು ಮಾತ್ರ ಹಾಗೇ ಉಳಿದವು.

ತಮಾಷೆ ಏನೆಂದರೆ ಈ ಕಾನೂನು ನಿಂತಿರುವುದೇ ತೆರಿಗೆ ಹಾಕುವ ಅಧಿಕಾರದ ಮೇಲೆ. 1937ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದದ್ದೂ ಅದೇ ಆಧಾರದ ಮೇಲೆ. ತೆರಿಗೆಯೇ ಇಲ್ಲದ ಮೇಲೆ ನೋಂದಣಿ ಯಾಕೆ ಅಂತ ಬಂದೂಕು ಸಂಘಟನೆಗಳು ಕೋರ್ಟಿಗೆ ಹೋಗಿವೆ. ಸರ್ಕಾರಿ ವಕೀಲರು ಈಗ ಸೊನ್ನೆ ಡಾಲರನ್ನು ಸಮರ್ಥಿಸಿಕೊಳ್ಳಬೇಕು. ಕಷ್ಟ ಅನ್ನಿಸಿದರೆ 30 ಡಾಲರಿನ ಸಾಮಾನನ್ನು 4,500ಕ್ಕೆ ಸಮರ್ಥಿಸಿದವರನ್ನು ಒಂದು ಮಾತು ಕೇಳಬಹುದು.