ಎರಡು ರಾತ್ರಿಗೆ ಒಂದು ಪ್ಯಾಶನ್, ಊಟ ಸೇರಿ

ಮೊದಲೆಲ್ಲ ಚಿಕ್ಕಮಗಳೂರಿಗೆ ಜನ ಮುಳ್ಳಯ್ಯನಗಿರಿ ನೋಡಲು ಬರುತ್ತಿದ್ದರು. ಕೈಮರದ ಚೆಕ್‌ಪೋಸ್ಟ್‌ನಲ್ಲಿ ಕಾರುಗಳ ಸಾಲು ನೋಡಿಕೊಂಡು ವಾಪಸ್ ಹೋಗುತ್ತಿದ್ದರು. ಈಗ ಬದುಕಿನ ಉದ್ದೇಶ ಹುಡುಕಲು ಬರುತ್ತಾರೆ. ಅದಕ್ಕಿನ್ನೂ ಚೆಕ್‌ಪೋಸ್ಟ್ ಹಾಕಿಲ್ಲ.

ಕಳೆದ ಫೆಬ್ರವರಿಯಲ್ಲಿ ನಮ್ಮ ಭಾವನ ಹೋಂಸ್ಟೇಯಲ್ಲಿ ಇಂಥದೊಂದು ಶಿಬಿರ ನಡೆಯಿತು. ಎರಡು ರಾತ್ರಿ, ಮೂರು ಹಗಲು, ಒಂದು ಪ್ಯಾಶನ್. ಅಕ್ಕಿ ರೊಟ್ಟಿ, ಕ್ಯಾಂಪ್‌ಫೈರ್ ಎಲ್ಲ ಸೇರಿ. ತೋಟದಲ್ಲಿ ರೊಬಸ್ಟಾ ಕುಯ್ಲು ಜೋರು, ಆಳು ಸಿಗದೆ ಒದ್ದಾಟ. "ಇವರ ಕೈಗೇ ಒಂದೊಂದು ಬುಟ್ಟಿ ಕೊಟ್ಟುಬಿಡೋಣ್ವಾ ಭಾವ?" ಅಂದೆ. "ಸುಮ್ನಿರು ಮಾರಾಯ, ದುಡ್ಡು ಕೊಟ್ಟು ಬಂದಿದ್ದಾರೆ" ಅಂದರು.

ಗುರುಗಳು ಬೆಂಗಳೂರಿನವರು. ಬರಿಗಾಲು, ಲಿನನ್ ಜುಬ್ಬಾ. ಎಲ್ಲರಿಗೂ ಒಂದು ಹಾಳೆ ಹಂಚಿದರು. ಅದರಲ್ಲಿ ನಾಲ್ಕು ವೃತ್ತ: ನಿಮಗೆ ಇಷ್ಟವಾದದ್ದು, ನಿಮಗೆ ಬರುವಂಥದ್ದು, ಜಗತ್ತಿಗೆ ಬೇಕಾದದ್ದು, ದುಡ್ಡು ಹುಟ್ಟುವಂಥದ್ದು. ನಾಲ್ಕೂ ಕೂಡುವ ಜಾಗವೇ ಇಕಿಗಾಯ್, ಜಪಾನಿನ ಪುರಾತನ ಜ್ಞಾನ ಅಂದರು. ಪದವೇನೋ ಜಪಾನಿನದೇ. ವೃತ್ತಗಳು ಮಾತ್ರ ಸ್ಪೇನಿನ ಆಂಡ್ರೆಸ್ ಜುಜುನಾಗಾ ಎಂಬ ಜ್ಯೋತಿಷಿಯವು. 2014ರಲ್ಲಿ ಮಾರ್ಕ್ ವಿನ್ ಎಂಬವರು ನಡುವಿದ್ದ 'ಉದ್ದೇಶ' ತೆಗೆದು 'ಇಕಿಗಾಯ್' ಎಂದು ಬರೆದು ತಮ್ಮ ಬ್ಲಾಗಿಗೆ ಹಾಕಿದರು. ಭಾವನ ಜೀಪು ಅದಕ್ಕಿಂತ ಪುರಾತನ. ಜ್ಯೋತಿಷಿಯೇ ಬೇಕಿದ್ದರೆ ನಮ್ಮೂರ ಜೋಯಿಸರು ಎಲೆ ಅಡಿಕೆ, ದಕ್ಷಿಣೆಯಲ್ಲೇ ಮುಗಿಸುತ್ತಿದ್ದರು.

"ಇಲ್ಲಿ ಯಾರಿಗೆ ರೈಟರ್ ಆಗುವ ಕನಸಿದೆ?" ಗುರುಗಳು ಕೇಳಿದರು. ಆರು ಕೈ ಎದ್ದವು. ಭಾವನನ್ನು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ ನಮ್ಮ ತೋಟದ ರೈಟರ್ ಅನುಮಾನಿಸುತ್ತಲೇ ಏಳನೆಯ ಕೈ ಎತ್ತಿದರು.

"ನಾನು ಆಗ್ಲೇ ರೈಟರೇ ಸಾರ್. ಇಪ್ಪತ್ತೆರಡು ವರ್ಷ ಆಯ್ತು."

ಗುರುಗಳಿಗೆ ಪುಳಕ. "ದಿನಾ ಬರೀತೀರಾ?"

"ಒಂದಿನಾನೂ ತಪ್ಪಿಲ್ಲ. ಬೆಳಗ್ಗೆ ಹಾಜರಿ, ಸಂಜೆ ತೂಕ."

"ಬ್ಲಾಕ್ ಬಂದಾಗ ಏನ್ಮಾಡ್ತೀರಾ?"

"ಏಳು ಬ್ಲಾಕ್ ಇದೆ ಸಾರ್. ಇವತ್ತು ಮೂರನೇದ್ರಲ್ಲಿ ಕುಯ್ಲು."

ಹಿಂದಿನ ಸಾಲಿನ ಹುಡುಗನೊಬ್ಬ ಅದನ್ನೂ ಬರೆದುಕೊಂಡ.

ಎರಡನೇ ದಿನದ ಪಾಠ: ಬೇಸರವಾದ ಕೆಲಸವನ್ನು ತಕ್ಷಣ ಬಿಡಿ. ನನಗೆ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮ ನೆನಪಾದ. ಇದೇ ಜಿಲ್ಲೆಯ ತರೀಕೆರೆ ಹತ್ತಿರದ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ದೇವಸ್ಥಾನದ ಭುವನೇಶ್ವರಿಗಳಲ್ಲಿ, ಅಂದರೆ ಕೆತ್ತನೆಯ ಒಳಛಾವಣಿಗಳಲ್ಲಿ, ಅವನ ಕೈಕೆಲಸ ಶುರುವಾಯಿತು ಎನ್ನುತ್ತಾರೆ. ಸುಮಾರು ಅರವತ್ತು ವರ್ಷ ಕಳೆದ ಮೇಲೆ ಸೋಮನಾಥಪುರದ ವಿಗ್ರಹಗಳ ಕೆಳಗೂ ಅವನದೇ ಹೆಸರು. ಅಷ್ಟು ವರ್ಷದಲ್ಲಿ ಬೇಸರ ಬಂದಿರಲಿಲ್ವಾ? ಬಂದೇ ಇರುತ್ತದೆ. ಬೆನ್ನು ನೋವೂ ಬಂದಿರುತ್ತದೆ. ಪುಣ್ಯಕ್ಕೆ ಅವನ ಕೈಗೆ ಯಾರೂ ಆ ಹಾಳೆ ಕೊಡಲಿಲ್ಲ. ಕೊಟ್ಟಿದ್ದರೆ 'ಜಗತ್ತಿಗೆ ಬೇಕಾದದ್ದು' ವೃತ್ತದಲ್ಲೇ ಕೂತುಬಿಡುತ್ತಿದ್ದನೋ ಏನೋ.

ಮೂರನೇ ದಿನ ಮಧ್ಯಾಹ್ನ ಎಲ್ಲರೂ ಕಣ್ಣು ಮುಚ್ಚಿ ಒಳದನಿ ಕೇಳುತ್ತಿದ್ದರು. ಕೇಳಿಸಿದ್ದು ಗುಡುಗು. ಕಣದ ತುಂಬಾ ಅರ್ಧ ಒಣಗಿದ ಕಾಫಿ. "ಟಾರ್ಪಾಲು!" ಎಂದು ರೈಟರ್ ಕೂಗಿದ್ದೇ ತಡ, ಭಾವ ಪಂಚೆ ಎತ್ತಿ ಕಟ್ಟಿಕೊಂಡು ಓಡಿದರು. ಶಿಬಿರದವರು ಜಗುಲಿಗೆ ಬಂದು ವಿಡಿಯೋ ಮಾಡಿದರು. "ಇದು ಪ್ರಕೃತಿಯ ಸಂದೇಶ" ಅಂದರು ಗುರುಗಳು. ಕಣದಲ್ಲಿ ಅದಕ್ಕೆ ಬೇರೆ ಹೆಸರಿಟ್ಟು ಬೈಯುತ್ತಿದ್ದರು.

ಆ ಹಿಂದಿನ ಸಾಲಿನ ಹುಡುಗ ಮಾತ್ರ ಮೊಬೈಲ್ ಜೇಬಿಗಿಟ್ಟು ಕಣಕ್ಕೆ ಓಡಿದ. ಗಾಳಿಗೆ ಎದ್ದ ಟಾರ್ಪಾಲಿನ ಮೂಲೆ ಹಿಡಿದು, ಅದರ ಮೇಲೆ ಕೂತೇಬಿಟ್ಟ. ಮಳೆ ನಿಲ್ಲುವ ಹೊತ್ತಿಗೆ ಮೈಯೆಲ್ಲ ಒದ್ದೆ, ಬಿಳಿ ಪ್ಯಾಂಟಿನ ತುಂಬಾ ಕಾಫಿ ಕಲೆ. ಒಳಗೆ ಸರ್ಟಿಫಿಕೇಟ್ ಹಂಚುವುದೂ ಮುಗಿದಿತ್ತು.

ಸಂಜೆ ರೈಟರ್ ಹಾಜರಿ ಪುಸ್ತಕ ತೆಗೆದರು. ಹುಡುಗನ ಹೆಸರು ಕೇಳಿದರು. ಮುಂದೆ ಬರೆದರು: ಅರ್ಧ ದಿನ.