ಸ್ಕೂಟರಿಗೆ ಅನ್ನಪ್ರಾಶನ

ಪೆಟ್ರೋಲ್ ಬಂಕಿನ ಹುಡುಗ "ಸಾರ್, ಜೀರೋ ನೋಡ್ಕೊಳ್ಳಿ" ಅಂದಾಗಲೆಲ್ಲ ನಾನು ಭಕ್ತಿಯಿಂದ ನೋಡುತ್ತೇನೆ. ಈಚೆಗೆ ಆ ಭಕ್ತಿ ಜಾಸ್ತಿ ಆಗಿದೆ. ಆ ಪೈಪಿನಲ್ಲಿ ಬರುತ್ತಿರುವುದು ಬರೀ ಪೆಟ್ರೋಲ್ ಅಲ್ಲ, ಅನ್ನ. ಅಕ್ಕಿಯಿಂದ ತೆಗೆದ ಎಥೆನಾಲ್ ಅನ್ನುವ ಮದ್ಯಸಾರವನ್ನೂ ಈಗ ಪೆಟ್ರೋಲಿಗೆ ಬೆರೆಸುತ್ತಾರೆ. ಅನ್ನ ದೇವರ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲುವುದು ಸರಿಯೇ ಅಂತ ಒಮ್ಮೊಮ್ಮೆ ಅನುಮಾನ ಬರುತ್ತದೆ.

ಪಡಿತರ ಅಕ್ಕಿಯಿಂದ ನುಚ್ಚು ಬೇರೆ ಮಾಡುವ ಸುದ್ದಿ ನೀವೂ ಓದಿರುತ್ತೀರಿ. ಸರ್ಕಾರಿ ಅಕ್ಕಿಯಲ್ಲಿ ನೂರಕ್ಕೆ 25ರವರೆಗೆ ನುಚ್ಚು ಇದ್ದರೂ ನಡೆಯುತ್ತಿತ್ತು. ಅದನ್ನು 10ಕ್ಕೆ ಇಳಿಸುತ್ತಾರಂತೆ. ಬಡವರ ತಟ್ಟೆಗೆ ಇಡೀ ಅಕ್ಕಿಯೇ ಬೀಳಲಿ ಅಂತ. ಇದಕ್ಕೆ ಗುಣಮಟ್ಟ ಸುಧಾರಣೆ ಅಂತ ಹೆಸರು. ಒಳ್ಳೆಯದೇ, ಯಾರು ಬೇಡ ಅಂತಾರೆ? ತೆಗೆದ ನುಚ್ಚು ಎಲ್ಲಿಗೆ ಹೋಗುತ್ತದೆ? ಹರಾಜಿಗೆ. ಅಲ್ಲಿಂದ ಎಥೆನಾಲ್ ಬಟ್ಟಿ ಇಳಿಸುವ ಡಿಸ್ಟಿಲರಿಗೆ. ಅಲ್ಲಿಂದ ನನ್ನ ಸ್ಕೂಟರಿಗೆ.

ನಮ್ಮಜ್ಜಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ಅವಳ ನುಚ್ಚಿಗೆ ಮೂರೇ ಹಕ್ಕುದಾರರು. ಜ್ವರ ಬಂದವನ ಗಂಜಿ, ಹಿತ್ತಲಿನ ಕೋಳಿ, ಅಂಗಳದ ಗುಬ್ಬಿ. ಒಂದು ಹಿಡಿ ನುಚ್ಚು ಚರಂಡಿಗೆ ಬಿದ್ದರೆ ಸೊಸೆಯಂದಿರಿಗೆ ಆ ದಿನ ಪೂರ್ತಿ ಮಂಗಳಾರತಿ. ಈಗ ನಾಲ್ಕನೇ ಹಕ್ಕುದಾರ ಬಂದಿದ್ದಾನೆ. ಅವನಿಗೆ ಎರಡು ಚಕ್ರ, ಒಂದು ಹಾರನ್ನು. ಅಜ್ಜಿ ಇದ್ದಿದ್ದರೆ ಸ್ಕೂಟರಿನ ಬಾಯಿಗೆ ಬಟ್ಟೆ ತುರುಕುತ್ತಿದ್ದಳು.

ಲೆಕ್ಕ ಹಾಕೋಣ ಅಂತ ಕುಳಿತೆ. ಒಂದು ಟನ್ ಅಕ್ಕಿಯಿಂದ ಸುಮಾರು 470 ಲೀಟರ್ ಎಥೆನಾಲ್ ಬರುತ್ತದೆ. ಅಂದರೆ ಒಂದು ಲೀಟರಿಗೆ ಎರಡು ಕೆಜಿಗಿಂತ ತುಸು ಜಾಸ್ತಿ ಅಕ್ಕಿ. ಪೆಟ್ರೋಲಿನಲ್ಲಿ ಎಥೆನಾಲ್ ಐದನೇ ಒಂದು ಪಾಲು. ಅದೆಲ್ಲ ಅಕ್ಕಿಯಿಂದಲೇ ಬಂತು ಅಂದುಕೊಂಡರೆ, 40 ಲೀಟರ್ ಟ್ಯಾಂಕಿನ ಕಾರು ಒಂದು ಸಲ ಫುಲ್ ಮಾಡಿಸಿಕೊಂಡಾಗ 17 ಕೆಜಿ ಅಕ್ಕಿ ಉಂಡಂತಾಯಿತು. ಕೇಂದ್ರದ ಲೆಕ್ಕದಲ್ಲಿ ಬಿಪಿಎಲ್ ಕಾರ್ಡಿನ ಒಬ್ಬ ಮನುಷ್ಯನಿಗೆ ತಿಂಗಳಿಗೆ 5 ಕೆಜಿ. ಕಾರಿಗೆ ಒಂದು ಹೊತ್ತಿಗೆ ಮೂರು ಜನರ ತಿಂಗಳ ಊಟ. ಪಾಪ, ಅದು ದುಡಿಯುವ ಜೀವ. ನಾವೆಲ್ಲ ಕೂತು ತಿನ್ನುವವರು, ಅದೂ ಅದರ ಸೀಟಿನ ಮೇಲೆ.

ಇಷ್ಟು ಉಂಡೂ ಅದರ ಮೈಲೇಜು ಕಡಿಮೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯ ಮೂರನೇ ಎರಡರಷ್ಟು ಮಾತ್ರ ಒಂದು ಲೀಟರ್ ಎಥೆನಾಲಿನಲ್ಲಿ ಇರುವುದು. ಇದು ಶಾಲೆಯ ವಿಜ್ಞಾನ. ಮೈಲೇಜು ಬಿದ್ದಿದೆ ಅಂತ 2025ರಲ್ಲಿ ಜನ ಕೂಗಾಡಿದಾಗ ಪೆಟ್ರೋಲಿಯಂ ಸಚಿವಾಲಯ ಹೇಳಿದ್ದು, ಆಗುವ ಇಳಿಕೆ ಅತ್ಯಲ್ಪ ಅಂತ. ಅನ್ನ ಉಂಡಮೇಲೆ ಸ್ವಲ್ಪ ತೂಕಡಿಕೆ ಸಹಜ ಅಲ್ವಾ? ಮಧ್ಯಾಹ್ನ ಎರಡು ಗಂಟೆಗೆ ಯಾವುದೇ ಸರ್ಕಾರಿ ಆಫೀಸಿಗೆ ಹೋಗಿ ನೋಡಿ.

2023ರ ಜೂನ್ ತಿಂಗಳು ನಿಮಗೆ ನೆನಪಿರಬೇಕು. ಅನ್ನಭಾಗ್ಯಕ್ಕೆ ತಿಂಗಳಿಗೆ 2.28 ಲಕ್ಷ ಟನ್ ಅಕ್ಕಿ ಬೇಕು, ಕೆಜಿಗೆ 34 ರೂಪಾಯಿ ಕೊಡುತ್ತೇವೆ ಅಂತ ನಮ್ಮ ರಾಜ್ಯ ಕೇಳಿತು. ಕೇಂದ್ರದ ಆಹಾರ ನಿಗಮ ಹೂಂ ಅಂತು. ಮರುದಿನವೇ ದೆಹಲಿಯಿಂದ ಆದೇಶ ಬಂತು, ರಾಜ್ಯಗಳಿಗೆ ಮಾರುವಂತಿಲ್ಲ. ಸರಿ, ಅಕ್ಕಿ ಬದಲು ಖಾತೆಗೆ ತಲಾ 170 ರೂಪಾಯಿ ಬಂತು. ಮರುವರ್ಷ ದೆಹಲಿಯವರೇ 28ಕ್ಕೆ ಕೊಡುತ್ತೇವೆ ಬನ್ನಿ ಅಂದರು. ಆಗ ನಮ್ಮವರು ದುಡ್ಡೇ ಕೊಡುತ್ತೇವೆ ಅಂತ ಕೂತರು. 34ಕ್ಕೆ ಕೇಳಿದಾಗ ಅವರು ಕೊಡಲಿಲ್ಲ, 28ಕ್ಕೆ ಕೊಟ್ಟಾಗ ಇವರು ಕೊಳ್ಳಲಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲೂ ಇಷ್ಟು ಬಿಗುಮಾನ ನಾನು ಕಂಡಿಲ್ಲ. ಕೊನೆಗೆ 2025ರಲ್ಲಿ 22.50ಕ್ಕೆ ಮದುವೆ ಆಯಿತು. ಅದೇ ವರ್ಷ ಅಕ್ಟೋಬರಿಗೆ, ಹೆಚ್ಚುವರಿ ಅಕ್ಕಿ ಬೇಡ, ಬೇಳೆ ಎಣ್ಣೆ ಸಕ್ಕರೆ ಉಪ್ಪಿನ ಕಿಟ್ ಕೊಡೋಣ ಅಂತ ಸಂಪುಟ ತೀರ್ಮಾನಿಸಿತು.

ಡಿಸ್ಟಿಲರಿಗೆ ಈ ಪರದಾಟ ಇಲ್ಲ. 2025ರ ಜನವರಿಯಲ್ಲಿ ಅದಕ್ಕೂ ಕೆಜಿಗೆ 22.50 ಮಾಡಿದರು. ಕೊಂಡು, ಸಾಗಿಸಿ, ಗೋದಾಮಿನಲ್ಲಿಟ್ಟು ಕಾಯಲು ಸರ್ಕಾರಕ್ಕೆ ಬೀಳುವ ಖರ್ಚು ಕೆಜಿಗೆ 40 ರೂಪಾಯಿ ಆಸುಪಾಸು. ಮಿಕ್ಕಿದ್ದು ನಮ್ಮ ನಿಮ್ಮ ಮುಯ್ಯಿ. ಎಥೆನಾಲಿಗೆ ಅಂತ ಹಂಚಿದ್ದು 52 ಲಕ್ಷ ಟನ್. ಕರ್ನಾಟಕ ಅವತ್ತು ಕೈಚಾಚಿ ಕೇಳಿದ ತಿಂಗಳ ಲೆಕ್ಕದಲ್ಲಿ ಇದು ಸುಮಾರು 23 ತಿಂಗಳ ಅಕ್ಕಿ.

ಗೋದಾಮು ತುಂಬಿ ತುಳುಕುತ್ತಿತ್ತು, ಹುಳ ಹಿಡಿಯುವ ಬದಲು ಇಂಧನ ಆಗಲಿ ಬಿಡಿ ಅನ್ನುತ್ತಾರೆ. ತುಳುಕುತ್ತಿದ್ದದ್ದು ನಿಜ. ಆದರೆ ಒಂದು ವಿಷಯ ಹೇಳಬೇಕು. ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಲವತ್ತು ವರ್ಷ ನಾಟಿ ಮಾಡಿದವಳು. ಕೆಸರಿನಲ್ಲಿ ಸಸಿ ಊರಿ ಊರಿ ಹೆಬ್ಬೆಟ್ಟಿನ ಗೆರೆಯೇ ಸವೆದು ಹೋಗಿದೆ. ಪ್ರತಿ ತಿಂಗಳೂ ಸೊಸೈಟಿ ಮುಂದೆ ಆ ಹೆಬ್ಬೆಟ್ಟನ್ನು ಸೀರೆಗೆ ಒರೆಸಿ, ಮತ್ತೆ ಒತ್ತಿ, ಮತ್ತೆ ಒರೆಸಿ ನಿಲ್ಲುತ್ತಾಳೆ. ಮಿಷನ್ ಒಪ್ಪುವುದಿಲ್ಲ. "ಅಜ್ಜಿ, ಸರ್ವರ್ ಇಲ್ಲ, ನಾಳೆ ಬಾ." ಭತ್ತ ಬೆಳೆದ ಬೆರಳಿಗೆ ಅಕ್ಕಿ ಇಲ್ಲ. ಲಕ್ಷಗಟ್ಟಲೆ ಟನ್ ಎತ್ತಿಕೊಂಡು ಹೋಗುವ ಲಾರಿಗೆ ಯಾರೂ ಹೆಬ್ಬೆಟ್ಟು ಕೇಳುವುದಿಲ್ಲ. ಅದಕ್ಕೆ ಸರ್ವರ್ ಯಾವತ್ತೂ ಇರುತ್ತದೆ. ಇದರಲ್ಲಿ ತಮಾಷೆ ಮಾಡಲು ಏನೂ ಉಳಿದಿಲ್ಲ, ನಾನು ಪ್ರಯತ್ನ ಮಾಡಿ ನೋಡಿದೆ.

ಹೋಗಲಿ, ಹಳೇ ಕತೆಗೆ ಬರೋಣ. ಜತ್ರೋಪಾ, ಅಂದರೆ ಕಾಡುಹರಳಿನ ಕಾಲ ನೆನಪಿದೆಯಾ? ಇಪ್ಪತ್ತು ವರ್ಷದ ಹಿಂದೆ ಊರೂರಿಗೂ ಕರಪತ್ರ ಬಂದಿತ್ತು. ಬೀಳು ಭೂಮಿಯಲ್ಲಿ ಕಾಡುಹರಳು ಹಚ್ಚಿ, ಡೀಸೆಲ್ ಬಾವಿ ನಿಮ್ಮ ಹೊಲದಲ್ಲೇ ಅಂತ. ನಮ್ಮ ಮಾವನೊಬ್ಬ ಹಚ್ಚಿದ. ಗಿಡ ಬಂತು, ಎಲೆ ಬಂತು, ಕಾಯಿ ಮಾತ್ರ ಎಣಿಸುವಷ್ಟು. ಆಡು ಕೂಡ ಆ ಸೊಪ್ಪಿಗೆ ಬಾಯಿ ಹಾಕಲಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆಯನ್ನೇ ಸುಳ್ಳು ಮಾಡಿದ ಗಿಡ ಅದು. ಮಾವನ ಹೊಲಕ್ಕೆ ಒಳ್ಳೇ ಬೇಲಿ ಆಯಿತು, ಅಷ್ಟೇ. ಆಮೇಲೆ ಹೊಂಗೆ, ಬೇವು, ಹಿಪ್ಪೆ ಬಂದವು. ನಮ್ಮ ರಾಜ್ಯದ ಯೋಜನೆಗಳಿಗೆ ಎಂಥ ಹೆಸರು ನೋಡಿ: ಹಸಿರು ಹೊನ್ನು, ಬರಡು ಬಂಗಾರ. ಹೆಸರಿಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ತಿನ್ನುವ ಬೆಳೆ ಮುಟ್ಟುವುದಿಲ್ಲ, ಬರಡು ನೆಲದಲ್ಲಿ ತಿನ್ನಲಾಗದ ಬೆಳೆಯಿಂದಷ್ಟೇ ಇಂಧನ, ಊಟಕ್ಕೂ ಇಂಧನಕ್ಕೂ ಜಗಳ ಬೇಡ ಅಂತ. 2018ರಲ್ಲಿ ಹೊಸ ನೀತಿ ಬಂತು. ಹಾಳಾದ ಕಾಳು, ನುಚ್ಚು ಪರವಾಗಿಲ್ಲ ಅಂದರು. ಮಿಕ್ಕಿದ್ದರೆ ಒಳ್ಳೇ ಕಾಳೂ ಆದೀತು ಅಂತ ಒಂದು ಕಿಂಡಿಯನ್ನೂ ಇಟ್ಟರು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನ ನಡುವೆ, ಕೂಲಿಕಾರರು ಹೆದ್ದಾರಿಯಲ್ಲಿ ನಡೆದು ಹೋಗುತ್ತಿದ್ದಾಗ, ಮಿಕ್ಕ ಅಕ್ಕಿಯಿಂದ ಸ್ಯಾನಿಟೈಸರ್ ಮತ್ತು ಎಥೆನಾಲ್ ಮಾಡಬಹುದು ಅಂತ ತೀರ್ಮಾನ ಆಯಿತು. ಒಂಟೆ ಡೇರೆಯೊಳಗೆ ಮೂಗು ತೂರಿಸಿದ ಹಾಗೆ. ಈಗ ಒಂಟೆ ಒಳಗೆ ಕೂತು ಊಟ ಬಡಿಸಿ ಅನ್ನುತ್ತಿದೆ.

ಗುಣಮಟ್ಟದ ಮಾತು ಬಂತಲ್ಲ, ಸಾರವರ್ಧಿತ ಅಕ್ಕಿಯ ವಿಷಯ ಬಿಡಲು ಮನಸ್ಸಿಲ್ಲ. ಮಿಲ್ಲಿನಲ್ಲಿ ಅಕ್ಕಿಯನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡುತ್ತೇವೆ. ಬಿ ವಿಟಮಿನ್, ಕಬ್ಬಿಣದ ಅಂಶ ಬಹುಪಾಲು ತೌಡಿನ ಜೊತೆ ಹೋಗುತ್ತದೆ. ತೌಡು ಎಣ್ಣೆ ಗಾಣಕ್ಕೆ, ದನಕ್ಕೆ. ಆಮೇಲೆ ನುಚ್ಚನ್ನು ಹಿಟ್ಟು ಮಾಡಿ, ಅದಕ್ಕೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಶ್ಯಾವಿಗೆ ಒತ್ತಿದ ಹಾಗೆ ಮಿಷನ್ನಿನಲ್ಲಿ ಒತ್ತಿ, ಅಕ್ಕಿಯದೇ ಆಕಾರಕ್ಕೆ ಕತ್ತರಿಸಿ, ನೂರು ಕಾಳಿಗೆ ಒಂದರಂತೆ ವಾಪಸ್ ಅಕ್ಕಿಗೇ ಬೆರೆಸುತ್ತಾ ಬಂದೆವು. ತೆಗೆಯುವುದಕ್ಕೆ ಒಂದು ಮಿಷನ್, ಹಾಕುವುದಕ್ಕೆ ಇನ್ನೊಂದು. 2028ರ ಕೊನೆಯವರೆಗೆ ಇದಕ್ಕೆ 17,082 ಕೋಟಿ ರೂಪಾಯಿ ಅಂತ 2024ರಲ್ಲಿ ಒಪ್ಪಿಗೆ ಕೊಟ್ಟರು. ನಮ್ಮ ಹೆಂಗಸರು ಅಕ್ಕಿ ತೊಳೆಯುವಾಗ ಆ ಕಾಳು ತೇಲುವುದನ್ನು ಕಂಡು, "ಅಯ್ಯೋ, ಪ್ಲಾಸ್ಟಿಕ್ ಅಕ್ಕಿ" ಅಂತ ಹೆಕ್ಕಿ ಬಿಸಾಡಿದರು. ಅಲ್ಲಿಗೆ ಮೂರನೇ ಮಿಷನ್ನಿನ ಕೆಲಸವೂ ಮುಗಿಯಿತು. ಕರಾವಳಿಯವರು ಸುಮ್ನೆ ಕುಚ್ಚಲಕ್ಕಿ ಉಂಡುಕೊಂಡು ಇದನ್ನೆಲ್ಲ ನೋಡುತ್ತಿದ್ದಾರೆ.

ಭತ್ತದಲ್ಲಿ ಉರಿಸಬೇಕಾದ್ದು ಯಾವುದು ಅಂತ ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುವ ಯಾರನ್ನೇ ಕೇಳಿ, ಹೇಳುತ್ತಾನೆ. ನೂರು ಕೆಜಿ ಭತ್ತಕ್ಕೆ 20 ಕೆಜಿಯಷ್ಟು ಹೊಟ್ಟು. ಅದನ್ನೇ ಉರಿಸಿ ಭತ್ತ ಬೇಯಿಸಿ ಕುಸುಬಲಕ್ಕಿ ಮಾಡುವುದು ಯಾವ ನೀತಿಯೂ ಇಲ್ಲದ ಕಾಲದಿಂದ ನಡೆದು ಬಂದಿದೆ. ವಿಜ್ಞಾನಿಗಳೂ ಸುಮ್ಮನೆ ಕೂತಿರಲಿಲ್ಲ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲೇ ಕಟ್ಟಿಗೆಯಿಂದ ಅನಿಲ ಮಾಡಿ ಊರಿಗೆ ದೀಪ ಹಚ್ಚಿದ್ದರು. ಹರಿಯಾಣದ ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ವರ್ಷಕ್ಕೆ 3 ಕೋಟಿ ಲೀಟರ್ ಎಥೆನಾಲ್ ಮಾಡುವ ಘಟಕ 2022ರಲ್ಲಿ ಉದ್ಘಾಟನೆ ಆಯಿತು. ನಮ್ಮ ಹರಿಹರಕ್ಕೂ ಮಂಗಳೂರಿನ ತೈಲ ಕಂಪನಿ ಎಂಆರ್‌ಪಿಎಲ್‌ನ ಅಂಥದ್ದೇ ಘಟಕ ಬರುತ್ತದೆ ಅಂತ ಓದಿದ್ದು ಎಷ್ಟೋ ವರ್ಷದ ಹಿಂದೆ. ಆಗ ನನ್ನ ಸ್ಕೂಟರ್ ಹೊಸದು. ಹುಲ್ಲು ಕಷ್ಟ, ಕಟ್ಟಬೇಕು, ಸಾಗಿಸಬೇಕು, ಮಳೆಗೆ ನೆನೆಯದಂತೆ ಇಡಬೇಕು. ಅಕ್ಕಿ ಸಲೀಸು. ಆಗಲೇ ಚೀಲದಲ್ಲಿದೆ.

ದಾವಣಗೆರೆಗೆ ಬಂದವರೆಲ್ಲ ಬೆಣ್ಣೆ ದೋಸೆಯ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮಂಡಕ್ಕಿ ಭಟ್ಟಿ ಕಡೆ ಬರುವುದಿಲ್ಲ. ಬಂದರೆ ಕರಿ ಹೊಗೆ. ಹಳೇ ಟೈರು ಉರಿಸಿ ಮಂಡಕ್ಕಿ ಹುರಿಯುವ ವಿಷಯ ಇಲ್ಲಿ ಎಷ್ಟು ಸಲ ಪೇಪರಿಗೆ ಬಂದಿದೆಯೋ ಲೆಕ್ಕವಿಲ್ಲ. ಅಧಿಕಾರಿಗಳು ಬರುತ್ತಾರೆ, ಟೈರು ಬೇಡ ಅನ್ನುತ್ತಾರೆ, ಮಂಡಕ್ಕಿ ಮಿರ್ಚಿ ತಿಂದು ಹೋಗುತ್ತಾರೆ. ಈಗ ಇಡೀ ಚಕ್ರ ನೋಡಿ. ಅಕ್ಕಿ ಹೋಗಿ ಗಾಡಿಯ ಹೊಟ್ಟೆ ಸೇರುತ್ತದೆ. ಗಾಡಿಯ ಟೈರು ಬಂದು ಮಂಡಕ್ಕಿಯ ಒಲೆ ಸೇರುತ್ತದೆ. ಯಾವುದನ್ನು ತಿನ್ನಬೇಕೋ ಅದನ್ನು ಉರಿಸಿ, ಯಾವುದನ್ನು ಉರಿಸಬಾರದೋ ಅದರ ಹೊಗೆಯಲ್ಲಿ ಊಟ ಹುರಿಯುವ ತಂತ್ರಜ್ಞಾನ ಬೇರೆ ದೇಶದಲ್ಲಿ ಇದ್ದರೆ ತಿಳಿಸಿ.

ಮೆಕ್ಕೆಜೋಳದ ರೈತ ಇದನ್ನೆಲ್ಲ ನಂಬಿ ಕೆಟ್ಟ. ಎಥೆನಾಲಿಗೆ ಜೋಳ ಬೇಕು, ಬೆಳೆಯಿರಿ ಅಂದರು. ನಮ್ಮ ಜಿಲ್ಲೆಯವರಿಗೆ ಜೋಳ ಬೆಳೆಯಲು ಯಾರೂ ಹೇಳಿಕೊಡಬೇಕಿಲ್ಲ, ರಸ್ತೆಯ ಎರಡೂ ಬದಿ ಅದೇ. ಅಕ್ಕಪಕ್ಕದ ಜಿಲ್ಲೆಯವರೂ ಸೇರಿಕೊಂಡರು. 2025ರ ನವೆಂಬರಿನಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2,400 ಇದ್ದಾಗ ಮಾರುಕಟ್ಟೆಯಲ್ಲಿ 1,600, 1,800ಕ್ಕೆ ಕೇಳಿದರು. ಅದಕ್ಕಿಂತ ಅಗ್ಗಕ್ಕೆ ಸರ್ಕಾರವೇ ಅಕ್ಕಿ ಕೊಡುವಾಗ ಕೆಜಿಗೆ 24 ಕೊಟ್ಟು ಜೋಳ ಕೊಳ್ಳಲು ಡಿಸ್ಟಿಲರಿಯವನಿಗೆ ಹುಚ್ಚೇ? ಜೋಳ ರಸ್ತೆಗೆ ಬಂತು. ರೈತನೂ ಬಂದ. ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಪತ್ರ ಬರೆದರೆ ಬೆಲೆ ಏರುವ ಹಾಗಿದ್ದರೆ ನಮ್ಮ ಎಪಿಎಂಸಿಯಲ್ಲಿ ಎಲ್ಲರೂ ಪೋಸ್ಟ್‌ಮ್ಯಾನ್ ಕಾಯುತ್ತಿದ್ದರು.

ಕಳೆದ ವಾರ ಸ್ಕೂಟರ್ ಅರ್ಧ ದಾರಿಯಲ್ಲಿ ನಿಂತಿತು. ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಟ್ಯಾಂಕ್ ಬಿಚ್ಚಿ, ಇದ್ದದ್ದನ್ನು ಬಾಟಲಿಗೆ ಸುರಿದು, ಬಿಸಿಲಿಗೆ ಹಿಡಿದ. ತಳದಲ್ಲಿ ಒಂದು ಪದರ ಬೇರೆಯಾಗಿ ನಿಂತಿತ್ತು.

"ನೀರು ಕುಡ್ದೈತೆ ಸಾರ್. ಈ ಎಥೆನಾಲ್ ಬಂದಾಗಿಂದ ಹಿಂಗೇ. ಗಾಡಿ ಜಾಸ್ತಿ ದಿನ ನಿಲ್ಲಿಸ್ಬ್ಯಾಡ್ರಿ."

"ಗಂಜಿ ಆಗೈತೆ ಅನ್ನು."

ಅವನಿಗೆ ಅರ್ಥ ಆಗಲಿಲ್ಲ. "ಇದನ್ನೇನ್ ಮಾಡ್ಲಿ, ಚೆಲ್ಲಲಾ?" ಅಂದ. ಎರಡು ಕೆಜಿ ಅಕ್ಕಿ ಅದು. ಚೆಲ್ಲು ಅನ್ನಲು ಬಾಯಿ ಬರಲಿಲ್ಲ. ಬಾಟಲಿ ಈಗ ನಮ್ಮ ಮನೆಯ ಹಿತ್ತಲಿನಲ್ಲಿದೆ.