ರಸ್ತೆ ಹೇಗಿದೆ ಅಂದರೆ ನಿನ್ನೆಯ ಕಥೆ ಹೇಳುತ್ತಾರೆ

ಇವತ್ತು ಬೆಳಗ್ಗೆ ಆರೂಕಾಲಿಗೆ ನನ್ನ ಕಾರು ಐಸ್ ಮೇಲೆ ಜಾರಿ ಒಂದು ಸುತ್ತು ತಿರುಗಿ ರಸ್ತೆಗೆ ಅಡ್ಡಲಾಗಿ ನಿಂತಿತು. ಪುಣ್ಯಕ್ಕೆ ಎದುರಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ. ಕೈ ನಡುಕ ನಿಲ್ಲೋಕೆ ಹತ್ತು ನಿಮಿಷ ಹಿಡಿಯಿತು. ಅದು ನಿಂತ ಮೇಲೆ ಬಂದದ್ದು ಬರೀ ಸಿಟ್ಟು.

ನಾನೇನು ಸುಮ್ನೆ ಹೊರಟವನಲ್ಲ. ಮನೆ ಬಿಡುವ ಮುಂಚೆ ರಸ್ತೆ ಹೇಗಿದೆ ಅಂತ ತೋರಿಸುವ ರಸ್ತೆ ಇಲಾಖೆಯ ಆನ್‌ಲೈನ್ ನಕ್ಷೆ ನೋಡಿದ್ದೆ. ನನ್ನ ದಾರಿಯುದ್ದಕ್ಕೂ ಹಸಿರು ಗೆರೆ. ಹಸಿರು ಅಂದರೆ ಹೋಗಬಹುದು ಅಂತಲೇ ಅಲ್ವಾ ಅರ್ಥ?

ಆಮೇಲೆ ರಸ್ತೆ ಬದಿಗೆ ಕಾರು ಹಾಕಿ ಮತ್ತೆ ತೆಗೆದು ನೋಡಿದೆ. ಗೆರೆಯನ್ನು ಒಮ್ಮೆ ಒತ್ತಿ, ಒಳಗೆ ಹೋಗಿ, ಮತ್ತೊಮ್ಮೆ ಒತ್ತಿದರೆ ತೀರಾ ಕೆಳಗೆ ಇರುವೆ ಗಾತ್ರದ ಅಕ್ಷರ: ಕೊನೆಯ ಮಾಹಿತಿ ನಿನ್ನೆ ಮಧ್ಯಾಹ್ನ 3:40. ಮಧ್ಯಾಹ್ನ ಬಿಸಿಲಿತ್ತು ಸ್ವಾಮಿ! ಪಕ್ಕದ ಹಿಮ ಕರಗಿ ರಸ್ತೆ ಮೇಲೆ ನೀರು ಹರಿಯುತ್ತಿತ್ತು. ರಾತ್ರಿ ಆ ನೀರೇ ಹೆಪ್ಪುಗಟ್ಟಿ ಬ್ಲ್ಯಾಕ್ ಐಸ್ ಆಯಿತು. ಹೆಸರು ಮಾತ್ರ ಕಪ್ಪು, ಐಸ್‌ಗೆ ಬಣ್ಣವೇ ಇರುವುದಿಲ್ಲ. ಕೆಳಗಿನ ಡಾಂಬರು ಹಾಗೇ ಕಾಣುತ್ತದೆ, ಒದ್ದೆ ರಸ್ತೆ ಅಂದುಕೊಂಡು ಹೋಗುತ್ತೇವೆ.

ಕಾರಿನ ಪರದೆ 2 ಡಿಗ್ರಿ ತೋರಿಸುತ್ತಿತ್ತು. ಸೊನ್ನೆಗಿಂತ ಮೇಲಿದೆ, ಭಯವಿಲ್ಲ ಅಂದುಕೊಂಡೆ. ಆದರೆ ಅದು ಗಾಳಿಯ ಲೆಕ್ಕ, ರಸ್ತೆಯದ್ದಲ್ಲ. ಮೋಡವಿಲ್ಲದ ರಾತ್ರಿ ರಸ್ತೆ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ಗಾಳಿಗಿಂತ ಜಾಸ್ತಿ ತಣ್ಣಗಾಗುತ್ತದೆ. ಸೇತುವೆಗಳ ಕಥೆ ಕೇಳಲೇಬೇಡಿ. ಕೆಳಗೆ ನೆಲದ ಬಿಸಿ ಇಲ್ಲ, ಮೇಲೂ ಗಾಳಿ, ಕೆಳಗೂ ಗಾಳಿ. ಮೊದಲು ಹೆಪ್ಪುಗಟ್ಟುವುದು ಅವೇ. ನಾನು ಜಾರಿದ್ದೂ ಸೇತುವೆ ಮೇಲೆಯೇ.

ನನಗೆ ಉರಿಯುವುದು ಇಲ್ಲಿ. ರಸ್ತೆಯ ಮೈ ಎಷ್ಟು ತಣ್ಣಗಿದೆ ಅಂತ ಅಳೆಯುವ ಸೆನ್ಸರ್‌ಗಳನ್ನು ಇಲಾಖೆಯವರು ಡಾಂಬರಿನೊಳಗೇ ಹೂತಿಟ್ಟಿದ್ದಾರೆ. ಹಿಮ ತಳ್ಳುವ ಲಾರಿಗಳಿಗೆ ಜಿಪಿಎಸ್ ಇದೆ. ಯಾವ ಲಾರಿ ಎಷ್ಟು ಹೊತ್ತಿಗೆ ಎಲ್ಲಿ ಐಸ್ ಕರಗಿಸೋಕೆ ಉಪ್ಪು ಹಾಕಿತು ಅನ್ನುವುದು ಅವರಿಗೆ ಗೊತ್ತು. ಸುಮಾರು ಮೈನಸ್ 9ಕ್ಕಿಂತ ಕೆಳಗೆ ಹೋದರೆ ಬರೀ ಉಪ್ಪು ಹಾಕಿ ಹೆಚ್ಚು ಪ್ರಯೋಜನವಿಲ್ಲ ಅನ್ನುವುದೂ ಗೊತ್ತು. ಇಷ್ಟೆಲ್ಲ ಇಟ್ಟುಕೊಂಡು ನಮಗೆ ಕೊಡುವುದು ಏನು? "ಅಲ್ಲಲ್ಲಿ ಜಾರುವ ಸಾಧ್ಯತೆ, ಎಚ್ಚರಿಕೆಯಿಂದ ಚಲಾಯಿಸಿ." ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅಲ್ಲಲ್ಲಿ ಅಂದರೆ ಎಲ್ಲಿ? ಅರವತ್ತು ಕಿಲೋಮೀಟರಿಗೆ ಒಂದೇ ಗೆರೆ, ಒಂದೇ ಬಣ್ಣ. ಅದರಲ್ಲಿ ಬಯಲಿದೆ, ಏರಿದೆ, ಮರದ ನೆರಳಲ್ಲಿ ಮಧ್ಯಾಹ್ನದವರೆಗೂ ಬಿಸಿಲು ಬೀಳದ ತಿರುವಿದೆ.

ನಕ್ಷೆಯಲ್ಲಿ ರಸ್ತೆಯ ಕ್ಯಾಮೆರಾ ಇದೆಯಲ್ಲ ಅನ್ನುತ್ತೀರಾ? ನೋಡಿದೆ. ಲೆನ್ಸ್ ಮೇಲೆ ಹಿಮ ಕೂತು ಬಿಳೀ ಹಾಳೆ ತರಹ ಕಾಣುತ್ತಿತ್ತು. ಒಂದು ಲೆಕ್ಕಕ್ಕೆ ಇಡೀ ನಕ್ಷೆಯಲ್ಲಿ ಸತ್ಯ ಹೇಳುತ್ತಿದ್ದದ್ದು ಅದೊಂದೇ.

ನಾನು ಆಕಾಶಕ್ಕೆ ಏಣಿ ಹಾಕಿ ಅನ್ನುತ್ತಿಲ್ಲ. ಮಾಹಿತಿ ಎಷ್ಟು ಹೊತ್ತಿನದು ಅಂತ ಗೆರೆಯ ಪಕ್ಕದಲ್ಲೇ ದಪ್ಪಗೆ ಬರೆಯಿರಿ. ಮೂರು ಗಂಟೆ ದಾಟಿದರೆ ಗೆರೆ ತಾನಾಗೇ ಬೂದಿ ಬಣ್ಣಕ್ಕೆ ತಿರುಗಲಿ. "ಗೊತ್ತಿಲ್ಲ" ಅನ್ನೋಕೆ ಇಷ್ಟೊಂದು ನಾಚಿಕೆ ಯಾಕೆ? ಬೂದಿ ಬಣ್ಣ ಕಂಡಿದ್ದರೆ ನಾನು ಒಂದು ಗಂಟೆ ತಡವಾಗಿ ಹೊರಡುತ್ತಿದ್ದೆ, ಇಲ್ಲವೇ ಆ ಸೇತುವೆ ಮೇಲೆ ಆಮೆಯ ಹಾಗೆ ಹೋಗುತ್ತಿದ್ದೆ. ಹಸಿರು ನೋಡಿಯೇ ಮೋಸ ಹೋದದ್ದು. ಮುಂಜಾನೆ ನಾಲ್ಕಕ್ಕೆ ಆ ದಾರಿಯಲ್ಲಿ ಬರುವ ಲಾರಿ ಚಾಲಕನ ಕೈಗೆ ಒಂದು ಬಟನ್ ಕೊಡಿ, "ಇಲ್ಲಿ ಜಾರುತ್ತಿದೆ" ಅಂತ ಒತ್ತಲಿ. ಆಫೀಸಿನಲ್ಲಿ ಕೂತವರಿಗಿಂತ ಅವನಿಗೆ ರಸ್ತೆ ಚೆನ್ನಾಗಿ ಗೊತ್ತು.

ಇದನ್ನೆಲ್ಲ ಇಲಾಖೆಗೇ ಹೇಳೋಣ ಅಂತ ದೂರಿನ ಫಾರ್ಮ್ ತೆರೆದೆ. ಸಮಸ್ಯೆ ಯಾವುದು ಅಂತ ಆರಿಸಬೇಕು. ಗುಂಡಿ, ಬೀದಿದೀಪ, ಬಿದ್ದ ಮರ, ಇತರೆ. ಐಸ್ ಇಲ್ಲ! ವರ್ಷಕ್ಕೆ ಐದು ತಿಂಗಳು ರಸ್ತೆ ಮೇಲೆ ಬಿದ್ದಿರುವ ವಸ್ತುವಿಗೆ ಪಟ್ಟಿಯಲ್ಲಿ ಜಾಗವಿಲ್ಲ. "ಇತರೆ" ಒತ್ತಿದೆ. ಏಳು ಕೆಲಸದ ದಿನಗಳೊಳಗೆ ಉತ್ತರ ಕೊಡುತ್ತಾರಂತೆ. ಅಷ್ಟರಲ್ಲಿ ಅದು ಕರಗಿರುತ್ತದೆ ಬಿಡಿ.